ಬ್ರೌಸರ್‌ನೊಳಗಿನ ಬೈಕಿಗೆ ಫಸ್ಟ್ ಗೇರ್

ಗಂಡನಿಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ಮನೆಯ ಮುಂಭಾಗದಲ್ಲೇ ಬೈಕ್ ರಿಪೇರಿ ಗ್ಯಾರೇಜು ನಡೆಸುವ ಹೆಂಡತಿಯ ಹಿಂದೆ, ಅವಳ ಭುಜ ಹಿಡಿದು, ಕಣ್ಣು ಮುಚ್ಚಿ ಕೂತದ್ದಷ್ಟೇ ಅವನ ಅನುಭವ. ಅಂಥವನು ಆಫೀಸಿನ ಕೆಲಸ ಬಿಟ್ಟು, ಆರು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡು, ಬೈಕಿನ ಇಂಜಿನ್ನನ್ನೇ ಕಂಪ್ಯೂಟರಿನ ಬ್ರೌಸರ್‌ನೊಳಗೆ ಪ್ರತಿಷ್ಠಾಪಿಸಿಬಿಟ್ಟಿದ್ದ. ಪೆಟ್ರೋಲ್ ಎಷ್ಟು ಹೋಗಬೇಕು, ಕಿಡಿ ಯಾವಾಗ ಹಾರಬೇಕು ಎಂದು ತೀರ್ಮಾನಿಸುವ ಎಲೆಕ್ಟ್ರಾನಿಕ್ ಡಬ್ಬಿ ಇರುತ್ತದಲ್ಲ, ಅದರ ತದ್ರೂಪು, ಹೆಂಡತಿಯ ವೈರಿಂಗ್ ನೋಟ್‌ಬುಕ್ ನೋಡಿಕೊಂಡು ಮಾಡಿದ್ದು. ("ಇನ್ನು ನಿನ್ನ ಗ್ರೀಸು, ಚಿಂದಿಬಟ್ಟೆ ಎಲ್ಲಾ ಇತಿಹಾಸ ಕಣೇ!" ಎಂದು ಘೋಷಿಸಿಯೂ ಆಗಿತ್ತು. ಅವತ್ತು ಪಾತ್ರೆ ತೊಳೆಯುವ ಸರದಿ ಅವನಿಗೇ ಬಂತು.)

ಈಗ ಮೆಕ್ಯಾನಿಕ್ ತರಬೇತಿ ಶಾಲೆಯ ಪ್ರಿನ್ಸಿಪಾಲರು ಅದನ್ನು ಪಾಠಕ್ಕೆ ಕೊಳ್ಳಬಹುದೇ ಎಂದು ನೋಡಲು ಮನೆಗೇ ಬಂದು ಕೂತಿದ್ದರು. ಈಗಾಗಲೇ ಎರಡು ಶಾಲೆಯವರು ಬೇಡವೆಂದಿದ್ದರು. ಇವರೂ ಬೇಡವೆಂದರೆ ಹಳೇ ಆಫೀಸಿನ ಬಾಗಿಲು ತಟ್ಟುವುದೊಂದೇ ದಾರಿ.

ಅವನು ಸ್ಟಾರ್ಟ್ ಗುಂಡಿ ಒತ್ತಿದ. ಸ್ಪೀಕರ್ ಗುರುಗುಟ್ಟಿತು. ತೆರೆಯ ಮೇಲೆ ಮೀಟರಿನ ಮುಳ್ಳು ಏರಿತು.

"ಭೇಷ್! ಎಲ್ಲಿ, ಫಸ್ಟ್ ಗೇರ್ ಹಾಕಿ," ಎಂದರು ಪ್ರಿನ್ಸಿಪಾಲರು.

ಆರು ತಿಂಗಳೂ ನ್ಯೂಟ್ರಲ್‌ನಲ್ಲಿ ಗುರ್ರೆನ್ನಿಸುವುದರಲ್ಲೇ ಪರಮಾನಂದ ಕಂಡಿದ್ದ ಆಸಾಮಿ, ಗೇರ್ ಹಾಕಿ ನೋಡಿಯೇ ಇರಲಿಲ್ಲ. ಹಾಕಿದ. ಇಂಜಿನ್ ಬಂದ್.

"ಇಂಟರ್ನೆಟ್ ಸ್ವಲ್ಪ..." ಎಂದು ತೊದಲಿದ. ಮತ್ತೆ ಸ್ಟಾರ್ಟ್, ಮತ್ತೆ ಗೇರ್, ಮತ್ತೆ ಬಂದ್. ಮೂರನೇ ಸಲಕ್ಕೆ ಪ್ರಿನ್ಸಿಪಾಲರು ವಾಚು ನೋಡಿಕೊಂಡರು. ಸದ್ದು ಕೇಳಿ ಹೆಂಡತಿ ಬಾಗಿಲಿಗೆ ಬಂದಳು.

"ಎಲ್ಲಾ ನಿನ್ನ ವೈರಿಂಗ್ ನೋಟ್‌ಬುಕ್ ತಪ್ಪು ಕಣೇ!" ಎಂದು ಅವಳ ಮೇಲೇ ಹರಿಹಾಯ್ದ.

"ನನ್ನ ನೋಟ್‌ಬುಕ್ಕಾ?" ಅವಳ ಕೈಯ ಸ್ಪ್ಯಾನರ್ ಸೊಂಟದ ಎತ್ತರಕ್ಕೆ ಬಂತು. "ಬನ್ನಿ, ತೋರಿಸ್ತೀನಿ."

"ಏನೂ ಬೇಡ!"

"ತೋರ್ಸಿ ಮೇಡಂ," ಎಂದು ಪ್ರಿನ್ಸಿಪಾಲರು ಎದ್ದೇಬಿಟ್ಟರು.

ಗ್ಯಾರೇಜಿನಲ್ಲಿ ಸೈಡ್ ಸ್ಟ್ಯಾಂಡ್ ಮೇಲೆ ವಾಲಿ ನಿಂತಿದ್ದ ಬೈಕನ್ನು ಅವಳು ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಗೇರ್ ಹಾಕಿದಳು. ಇಂಜಿನ್ ಬಂದ್.

"ನೋಡಿ ಸರ್, ನೋಡಿ! ಅಸಲಿ ಗಾಡೀಲೂ ಅದೇ ದೋಷ!" ಎಂದು ಅವನು ಕುಣಿದಾಡಿದ.

ಅವಳು ಪಾದದಿಂದ ಸ್ಟ್ಯಾಂಡ್ ಎತ್ತಿ, ಮತ್ತೆ ಸ್ಟಾರ್ಟ್ ಮಾಡಿ, ಗೇರ್ ಹಾಕಿ ಕ್ಲಚ್ ಬಿಟ್ಟಳು. ಬೈಕು ಮೆಲ್ಲಗೆ ಮುಂದೆ ಸರಿಯಿತು.

"ಸೈಡ್ ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದ್ರೆ ಇಂಜಿನ್ ನಿಲ್ಲಲೇಬೇಕು ರೀ, ಬೀಳ್ಬಾರ್ದು ಅಂತ. ನೋಟ್‌ಬುಕ್ಕಲ್ಲಿ ಇದರ ಸ್ವಿಚ್ಚಿನ ಮುಂದೆ 'ಸೈ.' ಅಂತ ಬರೆದಿದ್ನಲ್ಲ, ಏನಂದ್ಕೊಂಡ್ರಿ?"

"ಎಲ್ಲಾ ಸೈ ಅಂತ..."

ಹಾಗೆಂದುಕೊಂಡೇ ಆ ಸ್ವಿಚ್ಚಿಗೆ ಸೊನ್ನೆ (ಅಂದರೆ ಸ್ಟ್ಯಾಂಡ್ ಸದಾ ಕೆಳಗೇ) ಕೊಟ್ಟು, ತೆರೆಯ ಮೇಲೆ ಸ್ಟ್ಯಾಂಡ್ ಎತ್ತುವ ಗುಂಡಿಯನ್ನೇ ಇಡದೆ ಮುಂದೆ ಹೋಗಿದ್ದ. ಹೆಂಡತಿಯನ್ನು ಕೇಳಿದರೆ ಮರ್ಯಾದೆ ಹೋಗುತ್ತದೆಂದು ಕೇಳಿರಲಿಲ್ಲ.

ಪ್ರಿನ್ಸಿಪಾಲರು ಅವನ ಕಡೆ ತಿರುಗಿದರು.

"ಪ್ರೋಗ್ರಾಂ ಸರಿಯಾಗೇ ಇದೆ. ಒಂದು ಗುಂಡಿ ಸೇರಿಸಿ ಕೊಡಿ, ತಗೋತೀವಿ. ಮೇಡಂ, ಪಾಠ ಮಾಡೋಕೆ ನೀವು ಬರ್ಬೇಕು."

"ಮತ್ತೆ ನಾನು ಸರ್?"

ಪ್ರಿನ್ಸಿಪಾಲರು ಬ್ಯಾಗಿನಿಂದ ಒಂದು ಪ್ರವೇಶ ಅರ್ಜಿ ತೆಗೆದು ಅವನ ಕೈಗಿತ್ತರು. "ಸೋಮವಾರ ಬ್ಯಾಚ್ ಶುರು. ಒಂದೇ ಸೀಟ್ ಉಳಿದಿದೆ."

ಅವನು ತೆಪ್ಪಗೆ ತುಂಬಿದ. 'ಪೋಷಕರ ಸಹಿ' ಎಂಬಲ್ಲಿಗೆ ಬಂದಾಗ ಹೆಂಡತಿ ಪೆನ್ನು ಕಿತ್ತುಕೊಂಡು, ಒಂದಿಷ್ಟೂ ಯೋಚಿಸದೆ ಹಾಕಿಬಿಟ್ಟಳು.