ದೊರೆಗೆ ತಿನ್ನಿಸಿದ ಮೊಟ್ಟೆಗಳ ವಿಚಾರವಾಗಿ

ಶ್ರೀಮಾನ್ ದೊರೆಯವರ ಸನ್ನಿಧಿಗೆ,
ಅಂಗಳದ ಖಾಯಂ ಅಧ್ಯಕ್ಷರು ಹಾಗೂ ಹುಳುಮನೆಯ ಕಾವಲು ಮುಖ್ಯಸ್ಥರು, ಸಾದಲಿ.

ಮಾನ್ಯರೇ,

ತಮ್ಮ ಮೂಗಿನಿಂದ ಬಾಲದವರೆಗೆ ಸಮಸ್ತ ಅಂಗಗಳೂ ಕ್ಷೇಮವೆಂದು ಇಂದು ಬೆಳಗ್ಗೆ ಖುದ್ದಾಗಿ ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಈ ಪತ್ರಕ್ಕೆ ಕೈಹಾಕಿದ್ದೇನೆ. ತಮಗೆ ಓದಲು ಬಾರದೆಂಬುದು ನನಗೆ ಗೊತ್ತು; ಬರುತ್ತಿದ್ದರೆ ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ಆದರೂ ನಾಲ್ಕು ಜನ ಓದಲಿ, ಓದಿ ನಕ್ಕರೂ ನಗಲಿ, ನಕ್ಕವರ ಮನೆಯ ನಾಯಿಯಾದರೂ ಸುಖವಾಗಿರಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆದು, ಜಗಲಿಯ ಮೇಲೆ ಕೂತು, ತಮ್ಮ ಎದುರಿಗೇ ಗಟ್ಟಿಯಾಗಿ ಓದುತ್ತಿದ್ದೇನೆ.

ನಾನು ಯಾರೆಂದು ತಮಗೆ ಹೇಳಬೇಕಾಗಿಲ್ಲ, ಆದರೆ ಓದುವ ನಾಲ್ಕು ಜನಕ್ಕೆ ಹೇಳಬೇಕು. ನಾನು ಮೋಹನ್‌ಬಾಬು, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಮೇಯಿಸುವವನು. ಹುಳುಮನೆಗೆ ಕಾಲಿಡುವ ಮುಂಚೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಪಾದ ಅದ್ದುವವನು, ಒದ್ದೆಯಾದ ಒಂದೇ ಒಂದು ಎಲೆಯೂ ಹುಳುವಿನ ಬಾಯಿಗೆ ಹೋಗದಂತೆ ಸೊಪ್ಪು ಆರಿಸುವವನು, ಪಕ್ಕದ ತೋಟದವರು ಔಷಧಿ ಹೊಡೆದರೆ ಆ ಕಡೆಯ ಸಾಲನ್ನೇ ಮುಟ್ಟದವನು. ಇದರಿಂದಾಗಿ ಊರಿನವರು ನನಗೆ ಮಡಿ ಮೋಹನಪ್ಪ ಎಂಬ ಬಿರುದು ಕೊಟ್ಟಿದ್ದಾರೆ. ಆ ಬಿರುದನ್ನು ಎಷ್ಟು ಹೆಮ್ಮೆಯಿಂದ ಹೊತ್ತು ತಿರುಗುತ್ತಿದ್ದೆ ಎಂಬುದಕ್ಕೆ ತಾವೇ ಸಾಕ್ಷಿ.

ತಾವಾದರೋ ಒಂದು ದಿನ ಸೊಪ್ಪಿನ ಗಾಡಿಯ ಹಿಂದೆ ನಡೆದು ಬಂದು, ಯಾವ ಅರ್ಜಿಯನ್ನೂ ಹಾಕದೆ, ಯಾರ ಶಿಫಾರಸೂ ಇಲ್ಲದೆ, ಹುಳುಮನೆಯ ಬಾಗಿಲಲ್ಲಿ ಮಲಗಿ ಅಧಿಕಾರ ವಹಿಸಿಕೊಂಡಿರಿ. ಆಮೇಲೆ ಇಲಿಗಳು ಆ ಕಡೆ ತಲೆ ಹಾಕಲಿಲ್ಲ. ತಮ್ಮ ನಡಿಗೆಯ ಗತ್ತು ನೋಡಿ ನನ್ನ ತಾಯಿ ಆದಿಲಕ್ಷ್ಮಮ್ಮನವರು "ದೊರ ವಚ್ಚಾಡು, ದೊರೆ ಬಂದ" ಎಂದು ಎರಡು ಭಾಷೆಯಲ್ಲಿ ಸ್ವಾಗತಿಸಿದ್ದರಿಂದ ತಮಗೆ ಆ ಹೆಸರೇ ನಿಂತಿತು. ಅಮ್ಮ ಹಾಕುವ ಮುದ್ದೆ ಮಜ್ಜಿಗೆ ತಿಂದುಕೊಂಡು ತಾವು ಸುಖವಾಗಿದ್ದಿರಿ. ಸುಖವಾಗಿದ್ದವರನ್ನು ಸುಮ್ಮನೆ ಬಿಡಬೇಕೆಂಬ ಬುದ್ಧಿ ನನಗಿರಲಿಲ್ಲ.

ಅನಾಹುತಕ್ಕೆ ಮೂಲ ನನ್ನ ಹೆಂಡತಿ ಮಾಲಾಳ ತಮ್ಮ ಭಾನುಪ್ರಕಾಶ. ಮೂಲ ಎಂದರೆ ಅವನದೇನೂ ತಪ್ಪಿಲ್ಲ; ಚಿಕ್ಕಬಳ್ಳಾಪುರದಿಂದ ತನ್ನ ಲ್ಯಾಬ್ರಡಾರ್ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಅಕ್ಕನನ್ನು ನೋಡಲು ಬಂದ, ಅಷ್ಟೇ. ಆ ನಾಯಿ ಕಾರಿನಿಂದ ಇಳಿದದ್ದೇ ತಡ, ಅದರ ಮೈಮೇಲೆ ಬಿಸಿಲು ಬಿದ್ದು, ಎಣ್ಣೆ ಹಚ್ಚಿದ ಹೊಸ ಬಾಗಿಲಿನ ಹಾಗೆ ಥಳಥಳಿಸಿತು. ತಾವು ಅದರ ಪಕ್ಕದಲ್ಲಿ ಕೂತು ಕಿವಿ ಕೆರೆದುಕೊಂಡಿರಿ. ಸ್ವಲ್ಪ ಧೂಳು ಹಾರಿತು.

"ಬಾವ, ಇವನಿಗೆ ಏನ್ ಹಾಕ್ತೀರಾ?" ಎಂದು ಭಾನುಪ್ರಕಾಶ ಕೇಳಿದ.

"ಮುದ್ದೆ" ಎಂದೆ.

"ಓ" ಎಂದ.

ಮಾನ್ಯರೇ, ಆ ಒಂದು 'ಓ' ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನಾಟಿತು. ಯುಗಾದಿಗೆ ಮತ್ತೆ ಬರುತ್ತೇನೆಂದು ಹೇಳಿ ಅವನು ಹೊರಟ. ಅಷ್ಟರೊಳಗೆ ತಮ್ಮನ್ನು ಮಿಂಚಿಸಿಯೇ ತೀರಬೇಕೆಂದು ನಾನು ಫೋನು ಹಿಡಿದು ಕೂತೆ. ಫೋನಿನಲ್ಲಿ ತೋಳು ತೋರಿಸುವ ಬನಿಯನ್ನು ಹಾಕಿಕೊಂಡ ಒಬ್ಬ ಮಹನೀಯರು ಸಿಕ್ಕರು. ದಿನಕ್ಕೆರಡು ಹಸಿ ಮೊಟ್ಟೆಯನ್ನು ಚಿಪ್ಪಿನ ಸಮೇತ ಹಾಕಿ, ಕೂದಲು ಕನ್ನಡಿಯಾಗುತ್ತದೆ ಎಂದರು. ಹುಳುವಿಗೆ ಹಾಕುವ ಸುಣ್ಣದ ಪುಡಿಯನ್ನು ಕೂಡ ಮೂವರನ್ನು ಕೇಳದೆ ಕೊಳ್ಳದ ನಾನು, ಆ ಮಹನೀಯರ ತೋಳನ್ನು ನೋಡಿ ನಂಬಿಬಿಟ್ಟೆ.

ನನ್ನ ತಾಯಿ ಹರಕೆ ಹೊತ್ತು ಮೊಟ್ಟೆ ಮಾಂಸ ಬಿಟ್ಟವರಾದ್ದರಿಂದ ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ಸ್ಕೂಟರಿನ ಡಿಕ್ಕಿಯೇ ತಮ್ಮ ಉಗ್ರಾಣವಾಯಿತು. ಹಳ್ಳ ಸಿಕ್ಕಲ್ಲೆಲ್ಲ ಅರ್ಧ ಉಗ್ರಾಣ ಒಡೆದು, ಸ್ಕೂಟರಿನ ಕಾಗದಪತ್ರಗಳೆಲ್ಲ ಅಂಟಿಕೊಂಡು ಒಂದೇ ಆದವು. ಉಳಿದದ್ದನ್ನು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದಿರಿ. ಆಗಾಗ ತಮ್ಮ ಹೊಟ್ಟೆ ಕೆಡುತ್ತಿತ್ತು. ಒಳಗಿನ ಕೊಳೆ ಹೋಗುತ್ತಿದೆ ಎಂದು ನಾನು ಸಮಾಧಾನಪಟ್ಟೆ.

ಮಿಂಚು ಬರಲಿಲ್ಲ, ಬಂದದ್ದು ಪಕ್ಕದ ಮನೆಯ ಚಿಕ್ಕವೆಂಕಟಮ್ಮನವರು. ಅವರ ನಾಟಿ ಕೋಳಿ ಮಂಕರಿ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಚಿಪ್ಪೊಡೆದು ತಿನ್ನುವ ವಿದ್ಯೆಯನ್ನು ನನ್ನಿಂದಲೇ ಕಲಿತಿದ್ದ ತಾವು, ಕೋಳಿಯನ್ನು ಓಡಿಸಿ ಮಂಕರಿ ಖಾಲಿ ಮಾಡಿದ್ದಿರಿ.

"ಏನಪ್ಪಾ ಮೋಹನಪ್ಪ, ಇಷ್ಟು ವರ್ಷ ನನ್ ಕೋಳಿ ಇವ್ನ ಮುಂದೆನೇ ಓಡಾಡ್ಕೊಂಡಿತ್ತು, ಒಂದ್ ಪುಕ್ಕ ಮುಟ್ದೋನಲ್ಲ. ಈಗ ಬಾಯೆಲ್ಲ ಹಳದಿ ಮಾಡ್ಕೊಂಡ್ ಬಂದವ್ನೆ. ಏನ್ ಕಲ್ಸಿದ್ಯಪ್ಪ ಇವ್ನಿಗೆ?" ಎಂದರು.

ನಾನು ನಾಚಿಕೆಯಿಂದ ಸ್ಕೂಟರು ತೆಗೆದುಕೊಂಡು ಹೋಗಿ, ಅಂಗಡಿಯಿಂದ ಒಂದು ಟ್ರೇ ಮೊಟ್ಟೆ ತಂದು ಅವರ ಮುಂದಿಟ್ಟೆ. ಅವರು ಟ್ರೇಯನ್ನೂ ನನ್ನನ್ನೂ ನೋಡಿದರು. "ಅಂಗ್ಡಿ ಮೊಟ್ಟೆ ಮೇಲೆ ಕೋಳಿ ಕೂತ್ರೆ ಮರಿ ಆಗ್ತದಾ, ನೀನ್ ಕೂತ್ರೆ ಆಗ್ತದಾ?" ಎಂದು ಕೇಳಿ ಒಳಗೆ ಹೋದರು. ಬೀದಿಯಲ್ಲಿದ್ದವರೆಲ್ಲ ನಕ್ಕರು. ತಾವು ಬಾಲ ಅಲ್ಲಾಡಿಸಿದಿರಿ.

ಇಷ್ಟಾದ ಮೇಲೆ ಬುದ್ಧಿ ಬಂದಿದ್ದರೆ ಈ ಪತ್ರ ಇಲ್ಲಿಗೇ ಮುಗಿಯುತ್ತಿತ್ತು. ಹಸಿಯದು ಬೇಡ, ಬೇಯಿಸಿದ್ದೇ ಸರಿ ಎಂಬಲ್ಲಿಯವರೆಗೆ ಮಾತ್ರ ನನಗೆ ಬುದ್ಧಿ ಬಂತು. ಯುಗಾದಿ ಹತ್ತಿರವಾಗಿತ್ತು. ಪೆರೇಸಂದ್ರದ ಕಡೆಯಿಂದ ಬರುವಾಗ ಹೆದ್ದಾರಿ ಬದಿಯ ಗಾಡಿಯೊಂದರಲ್ಲಿ ಎಗ್ ಬುರ್ಜಿ ಕಂಡಿತು. ಮೊಟ್ಟೆಗಿಂತ ಈರುಳ್ಳಿಯೇ ಹೆಚ್ಚಿದ್ದ, ಹಸಿಮೆಣಸಿನಕಾಯಿ ಹಾಕಿ ಎಣ್ಣೆಯಲ್ಲಿ ಮಿಂದ ಬುರ್ಜಿ. ಎಣ್ಣೆ ನೋಡಿದಾಗ, ಮೈ ಮಿಂಚಲು ಇದಕ್ಕಿಂತ ಇನ್ನೇನು ಬೇಕು ಎನ್ನಿಸಿತು. ದೊಡ್ಡ ಪೊಟ್ಟಣವನ್ನೇ ಕಟ್ಟಿಸಿಕೊಂಡೆ. ಮರುದಿನವೂ ಅದನ್ನೇ ಮಾಡಿದೆ. ತಾವು ಬುರ್ಜಿ ತಿಂದು, ಪೊಟ್ಟಣದ ಕಾಗದ ನೆಕ್ಕಿ, ನನ್ನ ಬೆರಳುಗಳನ್ನೂ ನೆಕ್ಕಿದಿರಿ. ಇಂಥ ಊಟ ಹಾಕುವ ಯಜಮಾನ ಸಾದಲಿಯಲ್ಲಿ ಇನ್ನೊಬ್ಬನಿಲ್ಲ ಎಂದುಕೊಂಡೆ. ಅದು ಮಾತ್ರ ನಿಜವಾಗಿತ್ತು.

ಮೊದಲು ವಾಂತಿಯಾಯಿತು. ಆಮೇಲೆ ತಾವು ಹುಳುಮನೆಯ ಬಾಗಿಲು ಬಿಟ್ಟು ಸೌದೆಯ ಹಿಂದೆ ಹೋಗಿ ಮಲಗಿದಿರಿ. ಕರೆದರೆ ಬಾಲದ ತುದಿ ಮಾತ್ರ ಅಲುಗುತ್ತಿತ್ತು. ಮುದ್ದೆ ಇಟ್ಟರೆ ಮೂಸಲಿಲ್ಲ. ಅಮ್ಮ ತಮ್ಮ ತುಟಿ ಎತ್ತಿ ನೋಡಿದರು. ಒಸಡು ಸುಣ್ಣದ ಗೋಡೆಯ ಹಾಗಿತ್ತು. ತಾವು ಎದ್ದು ಮೂತ್ರ ಮಾಡಿದಾಗ ಅದು ಕಾಫಿಯ ಬಣ್ಣಕ್ಕಿತ್ತು.

ಅದು ಹುಳು ಕಡೆಯ ಹಂತದಲ್ಲಿ ಬಕಾಸುರನ ಹಾಗೆ ಮೇಯುವ ಹೊತ್ತು. ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಹೋಗುತ್ತದೆ. "ಹುಳ ನಾನ್ ನೋಡ್ಕೋತೀನಿ, ನೀವು ಹೊರಡ್ರಿ ಮೊದ್ಲು" ಎಂದು ಮಾಲಾ ನನ್ನನ್ನು ಅಟ್ಟಿದಳು. ಸೊಪ್ಪು ತರುವ ಗೂಡ್ಸ್ ಆಟೋದಲ್ಲಿ ತಮ್ಮನ್ನು ಮಲಗಿಸಿದೆವು. ಅಮ್ಮ ಯಾರೂ ಕರೆಯದೆ ಹಿಂದೆ ಹತ್ತಿ ತಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಶಿಡ್ಲಘಟ್ಟದವರೆಗೂ ಅವರು ಆಡಿದ್ದು ಒಂದೇ ಮಾತು: "ನಾಯಿ ಕೂದ್ಲು ಮಿಂಚಿ ನಿಂಗೇನಾಗ್ಬೇಕಾಗಿತ್ತಪ್ಪ?"

ಪಶುವೈದ್ಯೆ ಡಾಕ್ಟರ್ ತನುಜ ತಮ್ಮ ಕಣ್ಣು, ಒಸಡು, ಹೊಟ್ಟೆ ನೋಡಿ, ರಕ್ತ ತೆಗೆದು, ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದರು. ಏನು ತಿಂದಿದ್ದು ಎಂದು ಕೇಳಿದರು. ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ ಇದ್ದ ಹಾಗೆ. ರಕ್ತದ ಕಣಗಳನ್ನೇ ಒಡೀತದೆ. ಇವನ ರಕ್ತ ತುಂಬ ಇಳಿದಿದೆ. ಇನ್ನೂ ಇಳಿದ್ರೆ ಕಷ್ಟ" ಎಂದರು. ಹಸಿ ಮೊಟ್ಟೆಯ ಕತೆಯನ್ನೂ ಹೇಳಿದೆ. "ಹಸಿಯದ್ರಲ್ಲಿ ಹೊಟ್ಟೆ ಕೆಡಿಸೋ ರೋಗಾಣು ಇರಬಹುದು. ಅದೂ ಅಲ್ದೆ, ಹಸಿ ಬಿಳಿ ಭಾಗ ದಿನಾ ಹೊಟ್ಟೆಗೆ ಹೋದ್ರೆ ಕೂದಲಿಗೆ ಬೇಕಾದ ವಿಟಮಿನ್ನನ್ನೇ ಅದು ಮೈಗೆ ಹತ್ತೋಕೆ ಬಿಡಲ್ಲ" ಎಂದರು. ಅಂದರೆ ಮಾನ್ಯರೇ, ಮಿಂಚಿಸುವ ನೆಪದಲ್ಲಿ ನಾನು ತಮ್ಮನ್ನು ಬೋಳಾಗಿಸಲು ಹೊರಟಿದ್ದೆ.

"ನೀವು ಹುಳ ಮೇಯಿಸ್ತೀರಾ?" ಎಂದು ಅವರು ನನ್ನ ಕೈಯ ಸೊಪ್ಪಿನ ಕಲೆ ನೋಡಿ ಕೇಳಿದರು.

"ಹೌದು ಮೇಡಂ."

"ಒದ್ದೆ ಸೊಪ್ಪು ಹಾಕ್ತೀರಾ?"

"ಛೇ, ಎಲ್ಲಾದ್ರೂ ಹಾಕ್ತಾರಾ?"

ಅವರು ತಲೆ ತಗ್ಗಿಸಿ ಮತ್ತೆ ಬರೆಯತೊಡಗಿದರು. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಅತ್ತೆ. ಮಡಿ ಮೋಹನಪ್ಪ ಅತ್ತದ್ದನ್ನು ಆಟೋದವರಿಬ್ಬರು, ಒಂದು ಹಸು, ಮತ್ತು ಹಸುವಿನ ಯಜಮಾನರು ನೋಡಿದ್ದಾರೆ.

ದಿನಾ ಡ್ರಿಪ್‌ಗೆ ಕರೆದುಕೊಂಡು ಹೋದೆವು. ಒಸಡಿಗೆ ಮೆಲ್ಲಗೆ ಬಣ್ಣ ಬಂತು. ಚಿಕ್ಕವೆಂಕಟಮ್ಮನವರು ಬಂದು ತಮ್ಮ ಹಣೆ ಸವರಿ, "ಕೋಳಿ ಇನ್ನೊಂದ್ಸಾರಿ ಇಡ್ತದೆ ಬಿಡಪ್ಪ, ಇವ್ನು ಎದ್ರೆ ಸಾಕು" ಎಂದರು. ಯುಗಾದಿಗೆ ಭಾನುಪ್ರಕಾಶ ಬಂದಾಗ ತಾವು ಬೋಳಿಸಿದ ಮುಂಗಾಲು ಚಾಚಿಕೊಂಡು ಗೋಣಿಚೀಲದ ಮೇಲೆ ಮಲಗಿದ್ದಿರಿ. ಅವನು ಹೊಸ ಬಟ್ಟೆಯಲ್ಲೇ ನೆಲಕ್ಕೆ ಕೂತ. ನಾನು ನಡೆದದ್ದೆಲ್ಲ ಹೇಳಿ, ನಿನ್ನ ನಾಯಿಗೆ ಏನು ಹಾಕುತ್ತೀಯೆಂದು ಕಡೆಗೂ ಕೇಳಿದೆ. "ಅದ್ರ ಜಾತಿ ಕೂದ್ಲೇ ಹಂಗೆ ಬಾವ. ಅವತ್ತು ಬರೋಕ್ ಮುಂಚೆ ಶಾಂಪೂ ಹಾಕ್ಸಿದ್ದೆ" ಎಂದ. "ಓ" ಎಂದೆ.

ರಕ್ತ ಸರಿಹೋಯಿತೆಂದು ಖಾತ್ರಿಯಾದ ಮೇಲೆ ಡಾಕ್ಟರೇ ಮೊಟ್ಟೆಗೆ ಅನುಮತಿ ಕೊಟ್ಟರು: ನೀರಿನಲ್ಲಿ ಪೂರ್ತಿ ಬೇಯಿಸಿ, ಚಿಪ್ಪು ಬಿಡಿಸಿ, ಉಪ್ಪು ಎಣ್ಣೆ ಖಾರ ಏನೂ ಸೋಕಿಸದೆ, ಮೊದಲು ಒಂದು ಚೂರು ಕೊಟ್ಟು ಹೊಟ್ಟೆಗೆ ಒಗ್ಗುತ್ತದೆಯೇ ನೋಡಿ, ಒಗ್ಗಿದರೆ ವಾರದಲ್ಲಿ ಒಂದೆರಡು ಸಲ ಅರ್ಧರ್ಧ. ಅದೂ ಬಾಯಿರುಚಿಗೆ, ಊಟಕ್ಕೆ ಬದಲಾಗಿ ಅಲ್ಲ. ನಾನು ಹೆದರಿ, ಬೇಡವೇ ಬೇಡ ಎಂದುಬಿಟ್ಟೆ. ಆಗ ನನ್ನ ತಾಯಿ, ವರ್ಷಾನುಗಟ್ಟಲೆ ಮೊಟ್ಟೆ ಮುಟ್ಟದವರು, ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಳೇ ಪಾತ್ರೆಯಲ್ಲಿ ನೀರಿಟ್ಟರು. "ಅಮ್ಮ, ಹರಕೆ?" ಎಂದೆ. "ನಾನೇನ್ ತಿಂತೀನಾ? ತಿನ್ನೋನು ಅವ್ನು. ದೇವ್ರಿಗೆ ಅಷ್ಟೂ ಗೊತ್ತಾಗಲ್ವಾ?" ಎಂದು ಬಿಸಿ ಮೊಟ್ಟೆಯನ್ನು ಸೆರಗಿನಲ್ಲಿ ಹಿಡಿದು ಸುಲಿದು, ಒಂದು ಚೂರು ಮುರಿದು, ಆರಲೆಂದು ಊದಿ, ನನ್ನ ಅಂಗೈಗೆ ಹಾಕಿದರು. "ನೀನೇ ಕೊಡು" ಎಂದರು.

ಈಗ ನನ್ನ ದೂರಿಗೆ ಬರುತ್ತೇನೆ. ತಾವು ಆ ಚೂರನ್ನು ಅನುಮಾನಿಸಲಿಲ್ಲ. ತಮ್ಮನ್ನು ಸಾವಿನ ಬಾಗಿಲಿನವರೆಗೆ ನಡೆಸಿಕೊಂಡು ಹೋದದ್ದು ಇದೇ ಕೈ ಎಂದು ಒಂದು ಗಳಿಗೆಯೂ ತಡೆಯಲಿಲ್ಲ. ಗಬಕ್ಕನೆ ನುಂಗಿ, ಅಂಗೈ ನೆಕ್ಕಿ, ಇನ್ನೂ ಇದೆಯೇ ಎಂದು ನನ್ನ ಮುಖ ನೋಡಿದಿರಿ. ಮಾನ್ಯರೇ, ಇದು ಯಾವ ನ್ಯಾಯ? ಚಿಕ್ಕವೆಂಕಟಮ್ಮನವರು ಬೈದರು, ಡಾಕ್ಟರು ನಾಚಿಸಿದರು, ಹೆಂಡತಿ ಇವತ್ತಿಗೂ ಬುರ್ಜಿ ಎಂಬ ಪದ ಬಂದರೆ ನನ್ನ ಕಡೆ ತಿರುಗುತ್ತಾಳೆ; ಅವರೆಲ್ಲರನ್ನೂ ನಾನು ತಡೆದುಕೊಂಡೆ. ತಮ್ಮ ಈ ಕ್ಷಮೆಯನ್ನು ಮಾತ್ರ ತಡೆದುಕೊಳ್ಳಲಾಗುತ್ತಿಲ್ಲ. ಆದ್ದರಿಂದ ತಾವು ಕೃಪೆ ಮಾಡಿ ಒಂದು ವಾರವಾದರೂ ನನ್ನ ಮೇಲೆ ಮುನಿಸಿಕೊಳ್ಳಬೇಕು. ನಾನು ಏನೇ ಕೊಟ್ಟರೂ ಮೊದಲು ಮೂಸಿ, ಅಮ್ಮನ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆಯೇ ಬಾಯಿ ಹಾಕಬೇಕು. ಒಂದು ಸಲವಾದರೂ ನನ್ನನ್ನು ಕಂಡು ಗುರ್ ಎನ್ನಬೇಕು. ಇಷ್ಟನ್ನು ನಡೆಸಿಕೊಟ್ಟರೆ ನಾನು ಸ್ವಲ್ಪ ಹಗುರಾಗುತ್ತೇನೆ.

ತಮ್ಮ ನಂಬಿಕೆಗೆ ತಕ್ಕವನಲ್ಲದಿದ್ದರೂ ಅದರ ನೆರಳಿನಲ್ಲೇ ಬದುಕಿರುವ, ತಮ್ಮ ವಿಶ್ವಾಸಿ,
ಮೋಹನ್‌ಬಾಬು

ತಾ.ಕ.: ಕೊಟ್ಟದ್ದನ್ನೆಲ್ಲ ಮೂಸಿ ನೋಡಿ ಎಂದು ವಿನಂತಿಸಿದ್ದ ಕಡೆಯ ಹಾಳೆಯನ್ನು, ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ, ತಾವು ಮೂಸದೆಯೇ ತಿಂದಿದ್ದೀರಿ. ಅದನ್ನು ನೆನಪಿನಿಂದ ಮತ್ತೆ ಬರೆದು ಸೇರಿಸಿದ್ದೇನೆ. ಕಾಗದದ ವಿಷಯವಾಗಿ ಡಾಕ್ಟರ್ ತನುಜ ಅವರಿಗೆ ಫೋನು ಮಾಡಿದೆ. "ಒಂದು ಹಾಳೆಗೆ ಏನೂ ಆಗಲ್ಲ" ಎಂದವರು, ಫೋನು ಇಡುವ ಮುಂಚೆ, "ಬರೆದಿದ್ದು ಯಾರು?" ಎಂದು ಕೇಳಿದರು. ನಾನೇ ಎಂದೆ. "ಹಾಗಾದ್ರೆ ಸಂಜೆವರೆಗೂ ನೋಡ್ತಾ ಇರಿ" ಎಂದರು.