ನಮ್ಮತ್ತೆಯ ಶಾರ್ಕ್ ದರ್ಶನ

“ಇನ್ನು ಮುಂದೆ ಈ ಮನೇಲಿ ಯಾರೂ ಮುಖ ಊದಿಸಿಕೊಳ್ಳೋ ಹಾಗೇ ಇಲ್ಲ!” ಎಂದು ಘೋಷಿಸಿ ನಮ್ಮ ಯಜಮಾನರು ಮೇಜಿನ ಮೇಲೆ ಹೊದಿಸಿದ್ದ ದುಪ್ಪಟಿ ಎಳೆದರು. ಅಡಿಯಲ್ಲಿ ನನ್ನ ಇಡ್ಲಿ ಕುಕ್ಕರ್ ಕೂತಿತ್ತು! ಅದಕ್ಕಾಗಿ ನಾನು ಅಟ್ಟವನ್ನೆಲ್ಲ ಜಾಲಾಡಿ ಕೆಲಸದವಳ ಮೇಲೂ ಅನುಮಾನ ಪಟ್ಟಿದ್ದೆ. ಈಗ ಅದರ ಮೈತುಂಬ ತಂತಿ, ತಲೆಯ ಮೇಲೊಂದು ಹಳೇ ಟೆಲಿಫೋನು, ಹೊಟ್ಟೆಯಲ್ಲೊಂದು ಸ್ಪೀಕರು.

“ಇದರ ಹೆಸರು ಮನೋಗತ!”

“ಹೆಸರು ಏನಾದ್ರೂ ಇಟ್ಕೊಳ್ಳಿ. ನಾಳೆ ಇಡ್ಲಿ ಯಾವುದರಲ್ಲಿ ಬೇಯಿಸ್ಲಿ?”

“ವಿಜ್ಞಾನದ ಮುಂದೆ ಇಡ್ಲಿ ಯಾವ ಲೆಕ್ಕ ಕಣೇ, ಸುಲೋಚನಾ!”

ನಮ್ಮ ಯಜಮಾನರು, ಅಂದರೆ ಚಂದ್ರಚೂಡರು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ದಿನದಿಂದ ಹೀಗೇ. ಹಿಂದೊಮ್ಮೆ ಮಳೆ ಬಂದರೆ ಬಟ್ಟೆಗಳನ್ನು ತಾನೇ ಒಳಗೆಳೆದುಕೊಳ್ಳುವ ಹಗ್ಗ ಮಾಡಿದ್ದರು. ಅದು ಪಕ್ಕದ ಮನೆಯ ಶೇಷಗಿರಿಯವರು ಉಟ್ಟಿದ್ದ ಪಂಚೆಯನ್ನೂ ಎಳೆದುಕೊಂಡಿತು. ಅವರು ಈಗಲೂ ನಮ್ಮ ಕಡೆ ತಿರುಗಿ ನೋಡುವುದಿಲ್ಲ.

ಆದರೆ ಈ ಸಲದ ಯಂತ್ರಕ್ಕೆ ಒಂದು ಕಾರಣವಿತ್ತು, ಒಪ್ಪಬೇಕು. ಮೈಸೂರಿನ ರಿಂಗ್ ರಸ್ತೆಯಲ್ಲಿ ‘ಜಲಲೋಕ’ ಅಂತ ಒಂದು ದೊಡ್ಡ ಮೀನಿನ ಮನೆ ಆಗಿದೆಯಲ್ಲ, ನಮ್ಮತ್ತೆ ತುಂಗಮ್ಮನವರಿಗೆ ಅಲ್ಲಿಯ ಶಾರ್ಕ್ ನೋಡುವ ಆಸೆ. ಅವರ ಭಜನಾ ಮಂಡಳಿಯವರೆಲ್ಲ ಹೋಗಿ ಬಂದು ದಿನಾ ಅದನ್ನೇ ಹಾಡುತ್ತಿದ್ದರು. ಅಲ್ಲಿನ ಕಾವೇರಮ್ಮ ಅಂತೂ ಮಂಗಳಾರತಿ ತಟ್ಟೆ ಹಿಡಿದುಕೊಂಡೇ “ತುಂಗಮ್ಮಾ, ನೀವಿನ್ನೂ ನೋಡೇ ಇಲ್ವೇನ್ರೀ?” ಅನ್ನುತ್ತಿದ್ದರಂತೆ. ನಾವು ಹೊರಡುವ ಯೋಜನೆ ಹಾಕಿದಾಗಲೆಲ್ಲ ಅದು ಮುರಿದು ಬಿದ್ದಿತ್ತು. ಕೊನೆಗೆ ಅತ್ತೆ, “ಬಿಡ್ರಪ್ಪ, ನಾನು ಸತ್ತ ಮೇಲೆ ನನ್ನ ಫೋಟೋ ತಗೊಂಡು ಹೋಗಿ ಶಾರ್ಕಿಗೆ ತೋರಿಸ್ಕೊಂಡು ಬನ್ನಿ” ಅಂದುಬಿಟ್ಟರು.

ಯೋಜನೆ ಮುರಿಯುತ್ತಿದ್ದದ್ದು ನಮ್ಮ ಮನೆಯ ಒಂದು ರೋಗದಿಂದ. ಏನು ಕೇಳಿದರೂ ಎಲ್ಲರದೂ ಒಂದೇ ಮಾತು: “ನಂದೇನೂ ಇಲ್ಲಪ್ಪ, ನಿಮಗೆ ಹೇಗೋ ಹಾಗೆ.” ಆಮೇಲೆ ಒಬ್ಬೊಬ್ಬರೂ ಒಂದೊಂದು ಮೂಲೆ ಸೇರಿ ಗೊಣಗುವುದು. ಹೊರಡುವ ದಿನ ಆ ಗೊಣಗಾಟವೆಲ್ಲ ಒಟ್ಟಿಗೆ ಸ್ಫೋಟ!

“ಅದಕ್ಕೇ ಮನೋಗತ ಬಾಯಲ್ಲಿ ಹೇಳಿದ್ದನ್ನ ಕೇಳೋದೇ ಇಲ್ಲ,” ಎಂದರು ಯಜಮಾನರು ಎದೆಯುಬ್ಬಿಸಿ. “ಗೊಣಗಿದ್ದನ್ನ ಮಾತ್ರ ಕೇಳುತ್ತೆ. ಅಡುಗೆಮನೆ, ದೇವರಮನೆ, ಕಾಂಪೌಂಡು, ಎಲ್ಲಾ ಕಡೆ ಮೈಕ್ ಇಟ್ಟಿದೀನಿ. ಎಲ್ಲರ ಮನಸ್ಸಿಗೂ ಒಪ್ಪೋ ಯೋಜನೆ ತಾನೇ ಹಾಕುತ್ತೆ, ಫೋನೂ ತಾನೇ ಮಾಡುತ್ತೆ!”

ನಾದಿನಿ ಸುಭದ್ರ ಪಕ್ಕದ ಬೀದಿಯವಳು. ನಮ್ಮ ಮನೆಯಲ್ಲಿ ಕಾಫಿ ಇಳಿದ ವಾಸನೆಗೆ ಬಂದುಬಿಡುತ್ತಾಳೆ. ಅವಳು ಚಪ್ಪಾಳೆ ತಟ್ಟಿ, “ಅಣ್ಣ ಅಂದ್ರೆ ಅಣ್ಣ!” ಅಂದಳು. ಯಜಮಾನರು ಕುಕ್ಕರಿನ ಹಿಡಿ ತಿರುಗಿಸಿದರು.

“ಗ್ರಾಹಕರೇ, ದಯವಿಟ್ಟು ಗಮನಿಸಿ,” ಎಂದಿತು ಯಂತ್ರ, ಟೆಲಿಫೋನಿನಲ್ಲಿ ಬರುವ ಆ ಜೇನು ಸವರಿದ ಹೆಣ್ಣುದನಿಯಲ್ಲಿ. “ಜಲಲೋಕದ ಪ್ರವಾಸ ಭಾನುವಾರ. ಶ್ರೀಮತಿ ಸುಭದ್ರ ಅವರಿಗೆ ಕಾರಿನ ಮುಂದಿನ ಸೀಟು ಕೊಡಲಾಗಿಲ್ಲ. ಕಾರಣ, ‘ಅವಳು ಮುಂದೆ ಕೂತ್ರೆ ದಾರಿಯುದ್ದಕ್ಕೂ ಕೊರೀತಾಳೆ, ತಲೆ ಸಿಡಿಯುತ್ತೆ.’ ಹೇಳಿದವರು ಸುಲೋಚನ, ಸ್ಥಳ ಅಡುಗೆಮನೆ.”

ಸುಭದ್ರಳ ಚಪ್ಪಾಳೆ ನಿಂತಿತು.

“ಶ್ರೀಮತಿ ಸುಲೋಚನ ಅವರ ಪುಳಿಯೋಗರೆ ಕೈಬಿಡಲಾಗಿದೆ. ಕಾರಣ, ‘ಅತ್ತಿಗೆ ಕೈಗೆ ಉಪ್ಪಿನ ಅಳತೆಯೇ ಗೊತ್ತಿಲ್ಲ, ತಿಂದವರು ಸಮುದ್ರಾನೇ ಕುಡೀಬೇಕು.’ ಹೇಳಿದವರು ಸುಭದ್ರ, ಸ್ಥಳ ಕಾಂಪೌಂಡು.”

“ಏನೇ ಅಂದೆ?” ಎಂದೆ ನಾನು.

“ನೀವೇನು ಅಂದ್ರಿ ಅತ್ತಿಗೆ, ಮೊದಲು ಅದು ಹೇಳಿ!”

“ಕೊರಿಯೋದನ್ನ ಕೊರಿಯೋದು ಅಂದೆ!”

“ಏಯ್, ಶಾಂತಿ, ಶಾಂತಿ,” ಎಂದು ಯಜಮಾನರು ನಡುವೆ ಬಂದರು. ಯಂತ್ರ ಅವರನ್ನೂ ಬಿಡಲಿಲ್ಲ. “ಶ್ರೀ ಚಂದ್ರಚೂಡರು ಪ್ರವಾಸಕ್ಕೆ ಬರುವುದಿಲ್ಲ. ಕಾರಣ, ‘ಈ ಮೂರು ಜನ ಹೆಂಗಸರನ್ನ ಕಳಿಸಿ ಒಂದು ಹಗಲು ಹಾಯಾಗಿ ನಿದ್ದೆ ಮಾಡಿದ್ರೆ ಸಾಕು ದೇವರೇ.’ ಸ್ಥಳ ಬಚ್ಚಲುಮನೆ.”

ಬಚ್ಚಲಿನಲ್ಲೂ ಮೈಕು! ಮುಂದಿನದನ್ನು ವಿವರಿಸುವುದಿಲ್ಲ. ಸೌಟು ಹಾರಿತು, ಅಷ್ಟೇ ಹೇಳುತ್ತೇನೆ. ಯಜಮಾನರು ಸ್ವಿಚ್ ಆರಿಸಿದರೆ ಯಂತ್ರ ಆರಲಿಲ್ಲ. ಕರೆಂಟು ಹೋದರೂ ನಿಲ್ಲಬಾರದು ಅಂತ ಬ್ಯಾಟರಿ ಇಟ್ಟಿದ್ದರಂತೆ, ಮಹಾನುಭಾವರು! ಸುಭದ್ರ, “ಇನ್ನು ಈ ಮನೆ ಹೊಸಿಲು ತುಳಿದ್ರೆ ಕೇಳಿ” ಅಂತ ಕಾಫಿ ಮುಗಿಸಿ ಎದ್ದು ಹೋದಳು.

ಅತ್ತೆ ಶಾರ್ಕ್ ನೋಡಲು ಉಡೋಣವೆಂದು ತೆಗೆದಿಟ್ಟಿದ್ದ ಸೀರೆಯನ್ನು ಮಡಿಸಿ ಬೀರುವಿಗೆ ವಾಪಸ್ಸಿಟ್ಟು ದೇವರಮನೆಗೆ ಹೋದರು. ಅಲ್ಲಿಂದ ಅವರು ಮೂಗೊರೆಸಿಕೊಳ್ಳುವ ಸದ್ದು ಕೇಳಿದಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಪಾಪ, ಆ ಜೀವ ಕೇಳಿದ್ದು ಒಂದು ಮೀನನ್ನು, ಅದೂ ನೋಡುವುದಕ್ಕೆ!

ದೇವರಮನೆಯ ಮೈಕು ಅದನ್ನೂ ಕೇಳಿಸಿಕೊಂಡಿತ್ತು. ಕುಕ್ಕರಿನ ಒಳಗೆ ಗುಡುಗುಡು ಎಂದಿತು. ಟೆಲಿಫೋನಿನ ಡಯಲ್ ತಾನಾಗಿ ತಿರುಗತೊಡಗಿತು. ಜಲಲೋಕದ ಮ್ಯಾನೇಜರಿಗೇ ಫೋನು! ಆತ, “ನಮ್ಮಲ್ಲಿ ಯಾರಿಗೂ ವಿಶೇಷ ಸೌಲಭ್ಯ ಇಲ್ಲಮ್ಮ, ಎಲ್ಲರ ಹಾಗೆ ಸಾಲಲ್ಲಿ ಬನ್ನಿ” ಎಂದು ಮಾತು ಮುಗಿಸಿದ. ಆದರೆ ಫೋನು ಸರಿಯಾಗಿ ಇಡದೆ ತನ್ನಷ್ಟಕ್ಕೆ ಗೊಣಗಿದ: “ಒಂದ್ಸಲ ಬಂದ ಜನ ಇನ್ನೊಂದ್ಸಲ ಬರಲ್ಲ. ಆ ಶಾರ್ಕ್ ನೋಡಿದ್ರೆ ಮೂಲೇಲಿ ಬಾಲ ತೋರಿಸ್ಕೊಂಡು ಬಿದ್ದಿರುತ್ತೆ. ಮೊಸಳೆ ಸತ್ತ ಮೇಲೆ ಪಕ್ಕದ ಗಾಜಿನ ಕೋಣೆ ಬೇರೆ ಖಾಲಿ. ಏನಾದ್ರೂ ಹೊಸದು ಇಡೋಣ ಅಂದ್ರೆ ಏನಿಡ್ಲಿ, ನನ್ನ ತಲೆನಾ?”

ಮನೋಗತಕ್ಕೆ ಅಷ್ಟು ಸಾಕಾಯಿತು. ತಿರುಗಿ ಫೋನು ಮಾಡಿ ಏನು ಒಪ್ಪಂದ ಮಾಡಿಕೊಂಡಿತೋ, ನಮಗೆ ಹೇಳಿದ್ದು ಇಷ್ಟೇ. “ಗ್ರಾಹಕರೇ, ಎಲ್ಲರ ಕೋರಿಕೆಯೂ ಈಡೇರಿದೆ. ಸಾಲು ಇಲ್ಲ, ಮೆಟ್ಟಿಲಿಲ್ಲ, ಮಂಡಿ ನೋವಿಗೆ ಕುರ್ಚಿ ಇದೆ. ಊಟ ಮನೆಯದೇ. ಶಾರ್ಕ್ ಅತ್ಯಂತ ಸಮೀಪ. ಶ್ರೀ ಚಂದ್ರಚೂಡರಿಗೆ ಮಂಚ ಇದೆ. ರಾಹುಕಾಲಕ್ಕೆ ಮುಂಚೆ ವ್ಯಾನ್ ಬರುತ್ತದೆ.”

“ಈಗೇನಂತೀಯ?” ಎಂದರು ಯಜಮಾನರು, ಸೌಟು ತಗಲಿ ಹಣೆಯ ಮೇಲೆದ್ದಿದ್ದ ಬೋರೆ ಸವರಿಕೊಳ್ಳುತ್ತ.

ಭಾನುವಾರ ನಿಜಕ್ಕೂ ವ್ಯಾನ್ ಬಂತು. ಸುಭದ್ರಳೂ ಬಂದಳು. ಹೊಸಿಲು ತುಳಿದಿಲ್ಲ, ಗೇಟಿನಿಂದ ಸೀದಾ ವ್ಯಾನ್ ಹತ್ತಿದ್ದೇನೆ ಅಂತ ಸ್ಪಷ್ಟಪಡಿಸಿದಳು. ಯಜಮಾನರು ಮನೋಗತವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಜಲಲೋಕದ ಹಿಂಬಾಗಿಲಿನಿಂದ ನಮ್ಮನ್ನು ಅತಿಥಿಗಳಂತೆ ಒಳಗೆ ಕರೆದೊಯ್ದು ಒಂದು ಕೋಣೆಯಲ್ಲಿ ಬಿಟ್ಟರು. ಕುರ್ಚಿ, ಮಂಚ, ಫ್ಯಾನು ಎಲ್ಲವೂ ಇದ್ದವು. ಒಂದು ಗೋಡೆ ಪೂರ್ತಿ ಗಾಜು. ಗಾಜಿನಾಚೆ ನೀಲಿ ನೀರು.

ಅತ್ತೆ ಕುರ್ಚಿಯನ್ನು ಗಾಜಿಗೆ ಒತ್ತಿಸಿಕೊಂಡು ಕೂತು ಕನ್ನಡಕ ಒರೆಸಿದರು. ದೂರದ ಮೂಲೆಯಲ್ಲಿ ಬೂದು ಬಣ್ಣದ ಬಾಲವೊಂದು ಕಂಡಿತು. ಎಷ್ಟು ಹೊತ್ತು ಕಾದರೂ ಬಾಲ ಬಾಲವಾಗಿಯೇ ಉಳಿಯಿತು.

“ಮುಖ ತೋರಿಸಲ್ವಾ ಇದು?” ಎಂದರು ಅತ್ತೆ. ದನಿ ಸಣ್ಣಗಾಗಿತ್ತು.

“ಬರುತ್ತೆ ಅಮ್ಮಾ, ಮೊದಲು ಊಟ ಮಾಡೋಣ,” ಎಂದರು ಯಜಮಾನರು. ನಾನು ಎಲೆ ಹಾಕಿ ಪುಳಿಯೋಗರೆ ಬಡಿಸಲು ಬಗ್ಗಿದೆ. ಆಗ ಹಿಂದಿನಿಂದ ಯಾರೋ ಟಕ್ ಟಕ್ ಎಂದು ತಟ್ಟಿದರು. ತಿರುಗಿ ನೋಡಿದರೆ ಅಲ್ಲಿದ್ದ ಪರದೆ ಸರಿದಿತ್ತು, ಆ ಗೋಡೆಯೂ ಗಾಜೇ! ಆಚೆ ನೂರಾರು ಜನ ಮೂಗು ಒತ್ತಿಕೊಂಡು ನಮ್ಮನ್ನೇ ನೋಡುತ್ತಿದ್ದರು! ಮೇಲೊಂದು ಫಲಕ, ಕನ್ನಡಿಯಲ್ಲಿ ಕಾಣುವ ಹಾಗೆ ನಮಗೆ ತಿರುವುಮುರುವು: ‘ಸಂಸಾರ. ಮೂಲ, ಸರಸ್ವತೀಪುರಂ. ಗಾಜು ತಟ್ಟಬೇಡಿ. ತಿಂಡಿ ಎಸೆಯಬೇಡಿ.’

“ರೀ! ನಮ್ಮನ್ನ ಪ್ರದರ್ಶನಕ್ಕಿಟ್ಟಿದಾರೆ!”

“ಗ್ರಾಹಕರೇ,” ಎಂದಿತು ಮನೋಗತ. “‘ಇಷ್ಟು ವರ್ಷ ಬೇಯಿಸಿ ಬಡಿಸ್ತಿದೀನಿ, ಒಬ್ಬರಾದ್ರೂ ಕಣ್ಣೆತ್ತಿ ನೋಡಿದಾರಾ?’ ಹೇಳಿದವರು ಸುಲೋಚನ. ಕೋರಿಕೆ ಈಡೇರಿದೆ.”

ಸುಭದ್ರ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ಜನರತ್ತ ನಕ್ಕಳು. ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದಳು. “ಅತ್ತಿಗೆ, ಉಪ್ಪು!”

“ಇಷ್ಟು ಜನರ ಮುಂದೆ ಮಾನ ಕಳೀತೀಯೇನೇ? ಬೇಡದಿದ್ರೆ ಎಲೆ ಬಿಟ್ಟು ಏಳು!”

“ಅಣ್ಣಾ, ನೋಡು ಹೇಗೆ ಮಾತಾಡ್ತಾರೆ!”

“ಅಣ್ಣನ್ನ ಏನೇ ಕರೀತೀಯ, ಮಂಚದ ಮೇಲೆ ನಿದ್ದೆ ನಾಟಕ ಆಡ್ತಾ ಇದಾರೆ!”

ನಮ್ಮ ದನಿ ಏರಿತು. ಹೊರಗೆ ಶಿಳ್ಳೆ! ನನಗೆ ನಾಚಿಕೆಯಾಗಿ, “ಹೋಗಲಿ ಬಿಡೇ, ಮೊಸರನ್ನ ಹಾಕ್ಲಾ?” ಎಂದು ದನಿ ತಗ್ಗಿಸಿದೆ. ಸುಭದ್ರಳೂ ಕಣ್ಣೊರೆಸಿಕೊಂಡು, “ಹಾಕಿ ಅತ್ತಿಗೆ” ಎಂದಳು.

“ಅಯ್ಯೋ, ನಿಲ್ಲಿಸ್ಬೇಡ್ರೇ!” ಎಂದು ಅತ್ತೆ ಕಿರುಚಿದರು.

ಬೆಚ್ಚಿಬಿದ್ದು ತಿರುಗಿದೆವು. ಗಾಜಿನಾಚೆ, ಅತ್ತೆಯ ಮೂಗಿಗೆ ಮೂಗು ತಾಗಿಸಿದಂತೆ, ಶಾರ್ಕ್! ಕಾರಿನಷ್ಟು ದೊಡ್ಡ ಮುಖ, ಪುಟ್ಟ ಕಣ್ಣು, ಬಾಯಿ ಅರ್ಧ ತೆರೆದು ನಮ್ಮ ಜಗಳವನ್ನೇ ನೋಡುತ್ತಿತ್ತು! ಅದರ ಬೆನ್ನ ಹಿಂದೆ ಸಣ್ಣಪುಟ್ಟ ಮೀನುಗಳೆಲ್ಲ ಸಾಲಾಗಿ ನೆರೆದಿದ್ದವು. ಅತ್ತೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅಷ್ಟು ಸಂತೋಷದ ಮುಖವನ್ನು ಅವರಲ್ಲಿ ನಾನು ಕಂಡಿದ್ದೇ ಇಲ್ಲ.

“ನೋಡೇ ಸುಲೋಚನಾ, ನನ್ನೇ ನೋಡ್ತಿದೆ! ಕಾವೇರಮ್ಮ ನೋಡಿದ್ದು ಬರೀ ಬಾಲ ಕಣೇ!” ಎಂದರು. ಅಷ್ಟರಲ್ಲಿ ನಾವು ಸುಮ್ಮನಾದದ್ದಕ್ಕೆ ಬೇಸರಗೊಂಡ ಶಾರ್ಕ್ ಮೆಲ್ಲಗೆ ಹೊರಳತೊಡಗಿತು. ಅತ್ತೆ ನನ್ನ ಕೈ ಹಿಡಿದರು. “ತಿರುಗ್ತಾ ಇದೆ, ಹೋಗಿಬಿಡುತ್ತೆ! ಇನ್ನೊಂದು ಸ್ವಲ್ಪ ಹೊತ್ತು ಜಗಳ ಆಡ್ರಮ್ಮ, ನಿಮ್ಮ ದಮ್ಮಯ್ಯ!”

ನಾನೂ ಸುಭದ್ರಳೂ ಮುಖ ಮುಖ ನೋಡಿಕೊಂಡೆವು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತೆ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾದಿನಿಯ ಮದುವೆಯ ಕಾಲದ ಬೆಳ್ಳಿ ಚೊಂಬಿನ ವಿಷಯದಿಂದ ಶುರುಮಾಡಿದೆ. ಜಲಲೋಕದ ಬಾಗಿಲು ಹಾಕುವವರೆಗೂ ಶಾರ್ಕ್ ಕದಲಲಿಲ್ಲ. ಹಿರಿಯರ ಮಾತು ಮೀರುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ.