ಬಂಗಾಳ ಕೊಲ್ಲಿಯವರ ಮೇಲೆ ಒಂದು ಬಂಡಿದಾರಿ ತಕರಾರು

ಸಮಸ್ತ ಲವಣ ಭಂಡಾರದ ಒಡೆಯರೂ, ಅಲೆಗಳಿಗೂ ಮೋಡಗಳಿಗೂ ಮೇಲಧಿಕಾರಿಗಳೂ, ಅಂಡಮಾನದ ದ್ವೀಪಗಳನ್ನು ಮಡಿಲಲ್ಲಿಟ್ಟುಕೊಂಡು ಯಾರಿಗೂ ಕೊಡದ ಮಹಾನುಭಾವರೂ ಆದ ಬಂಗಾಳ ಕೊಲ್ಲಿಯವರ ಸನ್ನಿಧಿಗೆ, ಇಂಡಿ ಊರಿನ ನಿವೃತ್ತ ಭೂಮಾಪಕ ಶ್ರೀಶೈಲಪ್ಪನು ಟೊಪ್ಪಿಗೆ ತೆಗೆದು, ಸೊಂಟದ ನೋವಿದ್ದರೂ ಬಾಗಿ ಮಾಡುವ ಶರಣು ಶರಣಾರ್ಥಿ.

ಮಾನ್ಯರೇ,

ತಮ್ಮ ಉಬ್ಬರ ಇಳಿತಗಳು ಕ್ರಮವಾಗಿ ನಡೆದಿವೆ ಎಂದು ನಂಬಿದ್ದೇನೆ. ನಾವು ಜೋಳದ ಹೊಲದ ಮಂದಿ. ತಮ್ಮ ಪರಿಚಯ ನಮಗೆ ಉಪ್ಪಿನ ಮೂಲಕ ಮಾತ್ರ, ಅದೂ ಪೊಟ್ಟಣದಲ್ಲಿ. ತಾವು ವರ್ಷಕ್ಕೊಮ್ಮೆ ನಮ್ಮ ಜಿಲ್ಲೆಗೆಂದು ಮೋಡಗಳನ್ನು ಕಳುಹಿಸುತ್ತೀರೆಂದೂ, ಅವು ದಾರಿಯಲ್ಲಿ ಯಾರದೋ ಮನೆಯಲ್ಲಿ ಉಂಡು ಮಲಗಿಬಿಡುತ್ತವೆಂದೂ ಕೇಳಿದ್ದೇವೆ. ಆ ತಕರಾರು ಬೇರೆ. ಇಂದಿನದು ದಾರಿಯದು.

ನನ್ನ ಸೇವೆಯೆಲ್ಲ ಸರಪಳಿ ಎಳೆಯುವುದರಲ್ಲಿ, ಬಾಂದುಕಲ್ಲು ಹುಗಿಸುವುದರಲ್ಲಿ, ಬಂಡಿದಾರಿಯ ಜಗಳ ಬಿಡಿಸುವುದರಲ್ಲಿ ಕಳೆಯಿತು. ನಮ್ಮ ಕಡೆ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುತ್ತಾರೆ, ಬಾವಿ ಹಂಚಿಕೊಳ್ಳುತ್ತಾರೆ, ಬಂಡಿದಾರಿಯ ಮಾತು ಬಂದಾಗ ಮಾತ್ರ ಬಡಿಗೆ ಹುಡುಕುತ್ತಾರೆ. ಅಂಥಲ್ಲೂ ಒಂದು ನ್ಯಾಯವನ್ನು ಎಲ್ಲರೂ ಒಪ್ಪುತ್ತಿದ್ದರು: ಒಬ್ಬನ ಹೊಲದ ನಾಲ್ಕೂ ಕಡೆ ಇನ್ನೊಬ್ಬನ ಹೊಲವಿದ್ದರೆ, ಆ ಇನ್ನೊಬ್ಬ ಬಂಡಿ ಹೋಗುವಷ್ಟು ದಾರಿ ಬಿಡಲೇಬೇಕು. ಈಗ ತಮ್ಮ ಮಡಿಲಿನ ದ್ವೀಪಗಳ ಚಕ್ಕುಬಂದಿಯನ್ನು ತಾವೇ ಓದಿಕೊಳ್ಳಿ: ಪೂರ್ವಕ್ಕೆ ತಾವು, ಪಶ್ಚಿಮಕ್ಕೆ ತಾವು, ಉತ್ತರಕ್ಕೂ ದಕ್ಷಿಣಕ್ಕೂ ತಾವೇ. ಇಂಥ ಆಸೆಬುರುಕ ಚಕ್ಕುಬಂದಿಯನ್ನು ನಾನು ಹೊರ್ತಿಯಿಂದ ಯಂಕಂಚಿಯವರೆಗೆ ಎಲ್ಲಿಯೂ ಕಂಡಿಲ್ಲ. ಇಷ್ಟು ಜಾಗ ತಮ್ಮ ಹೆಸರಿನಲ್ಲಿದೆ ಎಂಬುದಕ್ಕೆ ಪಹಣಿಯ ಉತಾರವೇನಾದರೂ ಇದ್ದರೆ ಅದರ ನಕಲೊಂದನ್ನು ದಯಮಾಡಿ ಕಳುಹಿಸಬೇಕು, ಒದ್ದೆಯಾಗಿದ್ದರೂ ನಡೆಯುತ್ತದೆ.

ನಮಗೆ ಈ ದಾರಿ ಯಾಕೆ ಬೇಕಾಯಿತೆಂದು ತಾವು ಕೇಳುವಿರಿ. ಹೊರ್ತಿಯ ಒಂದು ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು ನಾಲ್ವರು. ದೊಡ್ಡವಳು ರುಕ್ಮವ್ವ, ಇಂಡಿಗೆ ನನಗೆ ಕೊಟ್ಟರು. ಸುನಂದಾಳನ್ನು ಸಿಂದಗಿಗೆ, ದಾನೇಶ್ವರಿಯನ್ನು ಮುದ್ದೇಬಿಹಾಳಕ್ಕೆ, ಚಿಕ್ಕವಳಾದ ಗುರುದೇವಿಯನ್ನು ಬಸವನ ಬಾಗೇವಾಡಿಗೆ ಕೊಟ್ಟರು. ತಾಲೂಕಿಗೊಬ್ಬರಂತೆ ಹಂಚಿಹೋದ ಇವರು ಮದುವೆ ಮುಂಜಿವೆಗಳಲ್ಲಿ ಸೇರುವುದೇನೋ ಉಂಟು, ಆದರೆ ಅಲ್ಲಿ ಒಬ್ಬಳು ಒಲೆಯ ಮುಂದೆ, ಒಬ್ಬಳು ಬೀಗರ ಮುಂದೆ, ಒಬ್ಬಳು ಉಗ್ರಾಣದ ಕೀಲಿಕೈ ಹಿಡಿದು, ಇನ್ನೊಬ್ಬಳು ಅಳುವ ಮೊಮ್ಮಕ್ಕಳನ್ನು ಹಿಡಿದು. ಹೀಗಿರಲು ಕಳೆದ ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ರುಕ್ಮವ್ವ ಇದ್ದಕ್ಕಿದ್ದಂತೆ ಬಸಿ ಕೆಳಗಿಟ್ಟು, “ನಾವು ನಾಕೂ ಮಂದಿ ಒಂದ ಕಡೆ ಸುಮ್ಮ ಕುಂತಿದ್ದು ಅವ್ವ ಹ್ವಾದಾಗ. ಇನ್ನೊಮ್ಮಿ ಹಂಗ ಕುಂದ್ರಬೇಕಂದ್ರ ಯಾರ್ ಹೋಗಬೇಕ್ರಿ?” ಎಂದು ಕೇಳಿದಳು. ಕೇಳುವಾಗ ಆಕೆಯ ದೃಷ್ಟಿ ಸಾಲಾಗಿ ಕುಳಿತಿದ್ದ ನಾಲ್ವರು ಗಂಡಂದಿರ ಮೇಲೆ ಹರಿದುದರಿಂದ, ಪ್ರವಾಸ ಹೋಗುವ ನಿರ್ಣಯ ಅಲ್ಲಿಯೇ ಸರ್ವಾನುಮತದಿಂದ ಆಯಿತು.

ರುಕ್ಮವ್ವನ ಷರತ್ತು ಒಂದೇ: ಹೋಗುವುದು ಒಂದೇ ಗಾಡಿಯಲ್ಲಿ, ಅಕ್ಕತಂಗಿಯರು ನಾಲ್ವರೂ ನಡುವಿನ ಒಂದೇ ಸೀಟಿನಲ್ಲಿ. ಅದಕ್ಕೆ ನಮ್ಮೂರ ತೌಸಿಫನ ಕ್ರೂಸರ್ ಇದೆ. ಶ್ರೀಶೈಲಕ್ಕೆ, ತುಳಜಾಪುರಕ್ಕೆ, ಪಂಢರಪುರಕ್ಕೆ ನಮ್ಮ ಮಂದಿ ಹೋಗುವುದೇ ಹಾಗೆ: ಟಾಪಿನ ಮೇಲೆ ಒಲೆ, ಭಾಂಡೆ, ಜಮಖಾನೆ; ಒಳಗೆ ಒಣಗಿಸಿದ ಕಟಿರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ; ಗಿಡದ ನೆರಳು ಕಂಡಲ್ಲಿ ಊಟ. ಆದರೆ ಭೂಮಿಯ ಮೇಲೆ ಯಾವ ದಿಕ್ಕಿಗೆ ಹೊರಟರೂ ಊಟದ ಹೊತ್ತಿಗೆ ಸರಿಯಾಗಿ ಯಾರಾದರೂ ಬೀಗರ ಊರು ಬರುತ್ತದೆ, ಹೋಗದಿದ್ದರೆ ಮುನಿಸು, ಹೋದರೆ ಹೆಂಗಸರು ಮತ್ತೆ ಅಡುಗೆಮನೆಗೆ. ಬೀಗರಿಲ್ಲದ ಜಾಗ ಯಾವುದೆಂದು ಹುಡುಕುತ್ತ ಹುಡುಕುತ್ತ ನಾವು ತಮ್ಮ ಅಂಗಳಕ್ಕೆ ಬಂದು ತಲುಪಿದೆವು.

ಸಿಂದಗಿಯ ಷಡ್ಡಕರಾದ ಮಡಿವಾಳಪ್ಪನವರು ಅರಿವೆ ಅಂಗಡಿಯವರು. ಮೊಮ್ಮಗಳ ಶಾಲೆಯ ನಕಾಶೆಯನ್ನು ಹಾಸಿ, ಸೀರೆಯ ಸೆರಗು ತೋರಿಸುವವರಂತೆ ಕೈಯಾಡಿಸಿ, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯಂತೆ ಸಾಲಾಗಿದ್ದ ದ್ವೀಪಗಳನ್ನು ನಮಗೆ ತೋರಿಸಿದರು. ನಡುವೆ ಬೆರಳಗಲದ ನೀರು. “ಬ್ಯಾಸಗ್ಯಾಗ ನಮ್ಮ ಭೀಮಾಹೊಳಿ ದಾಟೂದಿಲ್ಲೇನು? ಹಂಗ ದಾಟೂದು” ಎಂದರು. ನಕಾಶೆಯಲ್ಲಿ ಕರಾವಳಿಗೂ ದ್ವೀಪಗಳಿಗೂ ನಡುವೆ ಇದ್ದ ಅಂಗೈಯಗಲದ ತಮ್ಮ ನೀಲಿಯ ಮೇಲೆ ಅವರ ಚಹಾದ ಬಸಿ ಕುಳಿತಿತ್ತು. ನಾನು ಭೂಮಾಪಕನಾಗಿ ಆಕ್ಷೇಪಿಸಬೇಕಿತ್ತು, ಆದರೆ ಆಗಷ್ಟೇ ಹೋಳಿಗೆ ಉಂಡಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬುದು ಬರೀ ಗಾದೆಯೆಂದು ತಿಳಿದಿದ್ದ ನನಗೆ ಆ ಸಂಜೆ ಮಡಿವಾಳಪ್ಪನವರು ಎಲ್ಲರಿಗೂ ಒಂದೇ ಬಣ್ಣದ ಟೊಪ್ಪಿಗೆ ಹೊಲಿಸಿ ಕೊಟ್ಟರು. ಈ ಪತ್ರದ ಆರಂಭದಲ್ಲಿ ತಮ್ಮ ಗೌರವಾರ್ಥ ತೆಗೆದದ್ದು ಅದೇ ಟೊಪ್ಪಿಗೆ.

ಒಬ್ಬರ ಮನೆಯಲ್ಲಿ ಉಂಡ ಮೇಲೆ ಅವರನ್ನು ಕರೆದು ಉಣಿಸದಿದ್ದರೆ ನಮ್ಮಲ್ಲಿ ಮರ್ಯಾದೆಯಲ್ಲ. ಆದ್ದರಿಂದ ಮೊದಲ ಯೋಜನಾ ಸಭೆ ಇಂಡಿಯಲ್ಲಿ ಆದ ತಪ್ಪಿಗೆ ಎರಡನೆಯದು ಸಿಂದಗಿಯಲ್ಲಿ, ಮೂರನೆಯದು ಮುದ್ದೇಬಿಹಾಳದಲ್ಲಿ ಆಗಬೇಕಾಯಿತು. ತೌಸಿಫನು ಪ್ರತಿ ಸಲ ನಾಲ್ಕು ಊರು ಸುತ್ತಿ ಎಲ್ಲರನ್ನೂ ಹತ್ತಿಸಿಕೊಂಡು ಬಂದು, “ನಾ ಹೊಡಿಯಾಕ ತಯಾರ ಅದೀನ್ರಿ ಕಾಕಾ, ಸಮುದ್ರದಾಗ ಡಾಂಬರ ಐತೋ ಇಲ್ಲೋ ಅಷ್ಟ ಹೇಳ್ರಿ” ಎಂದು ಕೇಳಿ ಊಟಕ್ಕೆ ಕೂಡುತ್ತಿದ್ದ.

ಸಿಂದಗಿಯ ಸಭೆಯಲ್ಲಿ ಮುದ್ದೇಬಿಹಾಳದ ಸಿದ್ದಲಿಂಗ ಅವರು ಮಾತಾಡಿದರು. ಇವರು ಆಲಮಟ್ಟಿಯಲ್ಲಿ ಗೇಟು ಎತ್ತಿ ಇಳಿಸಿ ನಿವೃತ್ತರಾದವರು. “ನೀರ್ ಭಾಳ ಆತಂದ್ರ ಗೇಟ್ ಎತ್ತೂದ್ರಿ ಅಣ್ಣಾರ. ಎತ್ತಿದ್ರ ಇಳೀಲಾರದ ನೀರು ನಾ ಇನ್ನೂ ನೋಡಿಲ್ಲ” ಎಂದರು. ಬಿಟ್ಟ ನೀರು ಎಲ್ಲಿಗೆ ಹೋಗಬೇಕೆಂದು ನಾನು ಕೇಳಿದ್ದಕ್ಕೆ, ಅದು ಕೆಳಗಿನವರು ಕೇಳಬೇಕಾದ ಪ್ರಶ್ನೆಯೇ ಹೊರತು ಮೇಲಿನವರದಲ್ಲ ಎಂದು ತಿಳಿಸಿದರು. ಆದಕಾರಣ ತಮ್ಮ ಗೇಟುಗಳು ಯಾವ ಕಡೆಗಿವೆ, ಬೀಗದಕೈ ಯಾವ ಸಾಹೇಬರ ಹತ್ತಿರ ಇರುತ್ತದೆ, ಅವರು ಊಟಕ್ಕೆ ಹೋದಾಗ ಯಾರನ್ನು ಕಾಣಬೇಕು ಎಂಬುದನ್ನು ತಿಳಿಸಿ ಉಪಕರಿಸಬೇಕು.

ಅಷ್ಟರಲ್ಲಿ ದಾನೇಶ್ವರಿ, “ಅಲ್ಲಿ ಗಾಳಿಗೆ ಕಟಿರೊಟ್ಟಿ ಮೆತ್ತಗಾಗ್ತಾವಂತ, ನೋಡೀರೇನು?” ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. ರೊಟ್ಟಿ ಮೆತ್ತಗಾದರೆ ಪ್ರವಾಸಕ್ಕೆ ಅರ್ಥವೇನು? ಸಿದ್ದಲಿಂಗ ಅವರು ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ ರೊಟ್ಟಿಗಳನ್ನು ಗೂಟಕ್ಕೆ ಕಟ್ಟಿ ಪರೀಕ್ಷೆ ಮಾಡಿದರು. ಮರುದಿನ ರೊಟ್ಟಿ ಮೆತ್ತಗಾಗಿರಲಿಲ್ಲ, ಇರಲೇ ಇಲ್ಲ. ಕಾಗೆಗಳ ಬಗ್ಗೆ ಚರ್ಚಿಸಲು ಮುದ್ದೇಬಿಹಾಳದಲ್ಲಿ ಸಭೆ ಸೇರಿದಾಗ, ಜೋಳದ ಹಿಟ್ಟು ದ್ವೀಪದಲ್ಲಿ ಸಿಗುತ್ತದೆಯೇ ಎಂದು ಸುನಂದಾ ಕೇಳಿದಳು, ಆ ಪ್ರಶ್ನೆಯನ್ನು ಹೊತ್ತುಕೊಂಡು ನಾವು ಬಾಗೇವಾಡಿಯ ಸಭೆಗೆ ಹೋದೆವು.

ಬಾಗೇವಾಡಿಯ ಅನೀಲಕುಮಾರ ನಮ್ಮೆಲ್ಲರಿಗಿಂತ ಚಿಕ್ಕವರು, ಫೋನು ಬಲ್ಲವರು. ಅವರು ಎಲ್ಲವನ್ನೂ ಬಿಡಿಸಿಬಿಟ್ಟಿದ್ದರು. ಕರಾವಳಿಯಿಂದ ಗಾಡಿ ಒಯ್ಯುವ ಹಡಗಿದೆಯಂತೆ. ಅಲ್ಲಿ ಕ್ರೂಸರನ್ನು ಜನ ಕೂತ ಹಾಗೆಯೇ ಏರಿಸಿಕೊಂಡು ದ್ವೀಪದಿಂದ ದ್ವೀಪಕ್ಕೆ ದಾಟಿಸುವ ದೊಡ್ಡ ನಾವೆ ಇದೆಯಂತೆ. ಒಲೆ ಹಚ್ಚಲು ಜಾಗವಿದೆಯಂತೆ. ಹಿಟ್ಟು ಮೊದಲೇ ಕಳುಹಿಸಬಹುದಂತೆ. “ಒಂದ ಸಲ ಒತ್ತಿದ್ರ ಮುಗೀತ್ರಿ, ಬುಕ್ ಆಗೇ ಬಿಡ್ತೈತಿ” ಎಂದು ಬೆರಳೆತ್ತಿ ಕುಳಿತರು. ಆಗ ನಾನು ಎದ್ದು ನಿಂತು, ಜಾಗದ ಒಡೆಯರ ಲಿಖಿತ ಒಪ್ಪಿಗೆಯಿಲ್ಲದೆ ಅವರ ಎಲ್ಲೆಯೊಳಗೆ ಗಾಡಿ ಹಾಕುವುದು ನನ್ನ ವೃತ್ತಿಧರ್ಮಕ್ಕೆ ವಿರೋಧವೆಂದೂ, ಮೊದಲು ತಮಗೆ ಅರ್ಜಿ ಹೋಗಬೇಕೆಂದೂ, ತಮ್ಮಿಂದ ಉತ್ತರ ಬಂದ ಮೇಲೆಯೇ ಮುಂದಿನ ಮಾತೆಂದೂ ಹೇಳಿದೆ. ಹಿರಿಯ ಷಡ್ಡಕನ ಮಾತು, ತೆಗೆದುಹಾಕಲಾಗದೆ ಒಪ್ಪಿದರು. ಆ ಪ್ರಕಾರ ಈ ಅರ್ಜಿ. ತಾವು ಬೇಸಿಗೆಯಲ್ಲಿ ಎಂಟು ದಿನದ ಮಟ್ಟಿಗೆ ಒಂದು ಕ್ರೂಸರ್ ಅಗಲ ಆಚೆ ಈಚೆ ಸರಿಯಬೇಕು, ತಳದ ಕೆಸರನ್ನು ಒಣಗಿಸಿಡಬೇಕು, ರೊಟ್ಟಿಯ ಗಂಟು ಹಾಯುವವರೆಗೆ ಗಾಳಿಯಲ್ಲಿ ತೇವ ಬಿಡಬಾರದು, ಮೀನುಗಳು ದಾರಿಯ ಮೇಲೆ ಮಲಗದಂತೆ ಡಂಗುರ ಸಾರಿಸಬೇಕು.

ಇಷ್ಟನ್ನು ಬಾಗೇವಾಡಿಯಲ್ಲೇ ಷಡ್ಡಕರೆದುರು ಗಟ್ಟಿಯಾಗಿ ಓದಿ ಆಯಿತು. “ಭಾರಿ ಖಡಕ್ ಬರದೀರಿ” ಎಂದು ಮೆಚ್ಚಿ ಅವರು ಮಲಗಲು ಹೋದರು. ಮುಂದಿನದು ಇಂಡಿಗೆ ಬಂದು ಬರೆಯುತ್ತಿರುವುದು, ತಮಗೆ ಮಾತ್ರ. ಅರ್ಜಿಯ ಎರಡನೆಯ ಪುಟದಷ್ಟು ಗುಪ್ತವಾದ ಜಾಗ ನಮ್ಮ ಕಡೆ ಇನ್ನೊಂದಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತೇನೆ.

ಸಿಂದಗಿಯ ಸಭೆ ಮುಗಿಸಿ ಹೊರಟ ದಿನದ ಮಾತು. ಬಂದವರನ್ನು ಕಳುಹಿಸಿ ಬರುವುದು ನಮ್ಮ ಪದ್ಧತಿ, ಹಾಗಾಗಿ ಗಂಡನ ಜೊತೆ ಸುನಂದಾಳೂ ಗಾಡಿ ಹತ್ತಿದಳು. ಆಕೆಯನ್ನು ತಿರುಗಿ ಬಿಟ್ಟುಬರಲು ಗುರುದೇವಿ, ಗುರುದೇವಿಗೆ ಜೊತೆಗೆಂದು ಉಳಿದಿಬ್ಬರು. ನಡುವಿನ ಸೀಟಿನಲ್ಲಿ ನಾಲ್ವರೂ ಒತ್ತಿಕೊಂಡು ಕುಳಿತಿದ್ದರು. ನಾವು ಗಂಡಸರು ಹಿಂದಿನ ಎದುರುಬದುರು ಸೀಟಿನಲ್ಲಿ, ಉಂಡದ್ದು ಕಣ್ಣಿಗೇರಿ, ಒಬ್ಬರ ಮೇಲೊಬ್ಬರು ತೂಕಡಿಸುತ್ತಿದ್ದೆವು. ನನಗೆ ಮಾತ್ರ ಮಡಿವಾಳಪ್ಪನವರ ಗೊರಕೆಯಿಂದ ಎಚ್ಚರವಾಯಿತು. ಮುಂದೆ ನಾಲ್ವರೂ ನಗುತ್ತಿದ್ದರು. ಹೊರ್ತಿಯ ಯಾವುದೋ ಮಾಸ್ತರರ ಧೋತರ, ಯಾವುದೋ ಎಮ್ಮೆ, ನಮಗೆ ಸಂಬಂಧವಿಲ್ಲದ ಸಂಗತಿ. ರುಕ್ಮವ್ವ ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಆ ನಗೆಯನ್ನು ಕೇಳಿರಲಿಲ್ಲ. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು.

ನಗೆ ನಿಂತ ಮೇಲೆ ಸುನಂದಾ, “ಎವ್ವಾ, ಖರೇನ ಹೋಗೂದು ಬಂದ್ರ ಏನ್ ಮಾಡೂನ ಅಕ್ಕಾ?” ಎಂದು ಕೇಳಿದಳು. ರುಕ್ಮವ್ವ ಅಂದಳು: “ಹೋಗಿ ಬಂದ್ರ ಮುಗದ ಹೋಗ್ತೈತಿ. ಆಮ್ಯಾಲ ಮತ್ತ ನೀ ನಿಮ್ಮೂರಾಗ, ನಾ ನಮ್ಮೂರಾಗ. ಹೋಗೂ ಮಾತ ಹಿಂಗ ನಡದಿರಲಿ ಬಿಡು. ಮುಂದಿನ ಸಲ ನೀ ಹಿಟ್ಟಿನ ಮಾತ ತಗಿ.” ದಾನೇಶ್ವರಿಯ ರೊಟ್ಟಿಯ ಪ್ರಶ್ನೆ ಎಲ್ಲಿಂದ ಬಂದಿತ್ತೆಂದು ನನಗೆ ಆಗ ತಿಳಿಯಿತು. ನಾನು ಕಣ್ಣು ಮುಚ್ಚಿ ಗೊರಕೆ ಹೊಡೆದೆ, ಮಡಿವಾಳಪ್ಪನವರಿಗಿಂತ ಜೋರಾಗಿ.

ಬಾಗೇವಾಡಿಯಲ್ಲಿ ಅನೀಲಕುಮಾರರು ಬೆರಳೆತ್ತಿದಾಗ ನಾಲ್ವರ ಮುಖವನ್ನೂ ನಾನು ನೋಡಿದೆ. ರುಕ್ಮವ್ವನ ಬಳಿ ಇನ್ನೊಂದು ಪ್ರಶ್ನೆ ಉಳಿದಿರಲಿಲ್ಲ. ಆಕೆ ಸುಮ್ಮನೆ ತಾಟಿನಲ್ಲಿದ್ದ ಮಡಿಕಿ ಕಾಳನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದಳು. ನನ್ನ ವೃತ್ತಿಧರ್ಮ ನೆನಪಾದದ್ದು ಆಗಲೇ.

ಆದಕಾರಣ, ಮಾನ್ಯರೇ, ಮೊದಲ ಪುಟದ ಬೇಡಿಕೆಗಳನ್ನು ಓದಿ ತಾವು ಎಲ್ಲಿಯಾದರೂ ಸರಿಯಲು ಹೊರಟಿದ್ದರೆ ದಯವಿಟ್ಟು ಅಲ್ಲಿಯೇ ನಿಲ್ಲಿ. ಒಂದು ಗೇಣೂ ಬಿಟ್ಟುಕೊಡಬೇಡಿ. ಬಂಡಿದಾರಿ ಕೊಡದ ಜಗಳಗಂಟರನ್ನು ಜೀವಮಾನವೆಲ್ಲ ಬೈದ ನಾನು, ಮೊದಲ ಸಲ ಒಬ್ಬರಿಗೆ ಕೈಮುಗಿದು ಹೇಳುತ್ತಿದ್ದೇನೆ: ತಾವು ಹಟ ಹಿಡಿಯಬೇಕು. ನಾಲ್ಕೂ ಕಡೆ ತಾವೇ ಇರಬೇಕು, ಆಳವಾಗಿ ಇರಬೇಕು. ಮುಂದಿನ ಸಭೆ ಮತ್ತೆ ಇಂಡಿಯಲ್ಲಿ. ತಮ್ಮ ಉತ್ತರ ಬಾರದಿರುವುದೇ ಚರ್ಚೆಯ ವಿಷಯ, ಹೋಳಿಗೆಗೆ ಬೇಳೆ ಆರಿಸಿ ಆಗಿದೆ.

ತಮ್ಮ ಮೌನದಲ್ಲಿ ಪೂರ್ಣ ಭರವಸೆಯಿಟ್ಟಿರುವ,
ತಮ್ಮ ವಿಶ್ವಾಸಿ
ಶ್ರೀಶೈಲಪ್ಪ
ನಿವೃತ್ತ ಭೂಮಾಪಕ, ಇಂಡಿ

ತಾ.ಕ.: ಅರ್ಜಿಯನ್ನು ಇಟ್ಟುಕೊಂಡು ಉತ್ತರಿಸದೆ ಕೂರುವ ಅಭ್ಯಾಸ ತಮಗೆ ಇಲ್ಲದಿದ್ದರೆ, ತಮ್ಮ ಅಲೆಗಳ ಪೈಕಿ ಒಂದನ್ನು ತರಬೇತಿಗೆ ಇತ್ತ ಕಳುಹಿಸಿ. ಚೆನ್ನಾಗಿ ಕಲಿಸುವ ಕಚೇರಿಯೊಂದು ನನಗೆ ಗೊತ್ತು. ಹೆಸರು ಹೇಳಲಾರೆ, ನನಗೆ ಪಿಂಚಣಿ ಬರಬೇಕು. ಇನ್ನೊಂದು ಮಾತು. ಲಕೋಟೆ ಅಂಟಿಸುತ್ತಿರುವಾಗ ರುಕ್ಮವ್ವ ಬಂದು, ಟಪಾಲಿಗೆ ಹಾಕಿದಿರೇನು ಎಂದು ಕೇಳಿದಳು. ಸಮುದ್ರದ ವಿಳಾಸ ಸಿಕ್ಕಿಲ್ಲ ಎಂದೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಎಲ್ಲ ತಿಳಿಯಿತೆಂದು ನನಗೂ ತಿಳಿಯಿತು. “ಹುಡಕ್ರಿ ಸಾವಕಾಶ, ಗಡಿಬಿಡಿ ಏನೈತಿ” ಎಂದು ಹೇಳಿ, ಕೇಳದಿದ್ದರೂ ಇನ್ನೊಂದು ಕಪ್ ಚಹಾ ಇಟ್ಟುಹೋದಳು.